ಬಯಲಿನಲ್ಲಿ ಒಂಬತ್ತು ಬಾಗಿಲು

ಒಂದೇ ಕೆಲಸವನ್ನು ನೂರು ಸಲ ಮಾಡು ಎಂದರೆ ನನಗೆ ಭಯವಿಲ್ಲ; ನೂರು ಕೆಲಸ ಒಂದೇ ಸಲಕ್ಕೆ ಆಗಿಬಿಡುತ್ತದೆ ಎಂದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ನೂರು ಹೋಳಿಗೆಯನ್ನು ಒಂದೊಂದಾಗಿ ತಟ್ಟಿ ಬೇಯಿಸುವಾಗ ಕೆಟ್ಟರೆ ಎರಡೋ ಮೂರೋ ಕೆಡುತ್ತವೆ. ಸೀದದ್ದನ್ನು ಮನೆಯವರ ತಟ್ಟೆಗೆ ಹಾಕಿ, ಚೆನ್ನಾಗಿರುವುದನ್ನು ನೆಂಟರಿಗೆ ಬಡಿಸಿ ಮಾನ ಉಳಿಸಿಕೊಳ್ಳಬಹುದು. ಆದರೆ ಹೂರಣದ ಪಾತ್ರೆಗೇ ಉಪ್ಪು ಬಿದ್ದರೆ? ನೂರೂ ಕೆಟ್ಟವು, ನೂರೂ ಒಂದೇ ಥರ ಕೆಟ್ಟವು, ಹೊರಗಿನಿಂದ ನೋಡಿದರೆ ಒಂದೂ ಕೆಟ್ಟ ಹಾಗೆ ಕಾಣುವುದಿಲ್ಲ. ಕಂಪ್ಯೂಟರು ಬಂದ ಮೇಲೆ ಕೆಲಸ ಸುಲಭವಾಯಿತು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಹೂರಣವೇ ಕಣ್ಣ ಮುಂದೆ ಬರುತ್ತದೆ.

ಹೆದರಿಕೆ ನಮ್ಮ ವಂಶದ ಆಸ್ತಿ. ನಮ್ಮಪ್ಪ ಕಳಲೆಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ಬೀಗವನ್ನು ಮೂರು ಸಲ ಜಗ್ಗಿ, ಹತ್ತು ಹೆಜ್ಜೆ ನಡೆದು, ವಾಪಸು ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದರು. ಬೇರೆ ಮಕ್ಕಳಿಗೆ ಅಪ್ಪನ ಮೂಗು ಬಂತು, ಬಣ್ಣ ಬಂತು. ನನಗೆ ಆ ನಾಲ್ಕನೆಯ ಸಲದ ಜಗ್ಗು ಬಂತು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬಸ್ ನಿಲ್ದಾಣದಿಂದ ಮನೆಗೆ ಹಿಂದಿರುಗಿದವಳು ನಾನು. ಹಾಗೆ ಹಿಂದಿರುಗಿದಾಗ ಒಮ್ಮೆಯೂ ಒಲೆ ಉರಿಯುತ್ತಿರಲಿಲ್ಲ ಎಂಬುದು ನನಗೆ ಸಮಾಧಾನ ಕೊಡುವುದಿಲ್ಲ. ಇಷ್ಟು ದಿನ ಉರಿಯಲಿಲ್ಲ ಎಂದರೆ ಉರಿಯುವ ದಿನ ಹತ್ತಿರ ಬರುತ್ತಿದೆ ಎಂದೇ ಅರ್ಥ. ನಮ್ಮ ಯಜಮಾನರು ಇದಕ್ಕೆ ನೇರ ವಿರುದ್ಧ. ದೈಹಿಕ ಶಿಕ್ಷಣದ ಮೇಷ್ಟ್ರಾಗಿ ನಿವೃತ್ತರಾದವರು. ಸೀಟಿ ಊದಿದರೆ ಲೋಕ ಸಾಲಾಗಿ ನಿಲ್ಲುತ್ತದೆ ಎಂದು ಈಗಲೂ ನಂಬಿದ್ದಾರೆ.

ನಂಜನಗೂಡಿನಲ್ಲಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿಯ ಮಹಡಿಯ ಮೇಲೆ ಲೋಕೇಶ್ ಎಂಬ ಎಂಜಿನಿಯರರ ಪುಟ್ಟ ಕಚೇರಿ ಇದೆ. ಅಲ್ಲಿ ನಕ್ಷೆ ಬರೆಯುವವಳು ನಾನು. ಮರದ ಹಲಗೆ, ಟೀ ಸ್ಕ್ವೇರು, ಮಸಿ ಪೆನ್ನುಗಳ ಕಾಲದಲ್ಲಿ ಕೆಲಸ ಕಲಿತು, ಆಮೇಲೆ ಕ್ಯಾಡ್ ಎಂಬ ಸಾಫ್ಟ್‌ವೇರಿಗೆ ಹೊಂದಿಕೊಂಡವಳು. ಸುತ್ತಲ ಹಳ್ಳಿಗಳ ಅಂಗನವಾಡಿ, ಶಾಲೆಯ ಕೊಠಡಿ, ಶೌಚಾಲಯ, ಸಮುದಾಯ ಭವನ ಇವೇ ನಮ್ಮ ಬಂಡವಾಳ. ಹೆಡತಲೆಯಿಂದ ಹೆಮ್ಮಿಗೆಯವರೆಗೆ ಎಷ್ಟು ಗೋಡೆಗಳು ನನ್ನ ಬೆರಳಿನಿಂದ ಹೊರಟಿವೆಯೋ ಲೆಕ್ಕವಿಟ್ಟಿಲ್ಲ. ಇದನ್ನು ಜಂಬದಿಂದ ಹೇಳುತ್ತಿದ್ದ ಕಾಲವೊಂದಿತ್ತು. ಅದು ಹೋದ ವರ್ಷ ಮುಗಿಯಿತು.

ಮುಗಿದದ್ದು ಹೀಗೆ. ತಿ. ನರಸೀಪುರದಿಂದ ಹೆಮ್ಮಿಗೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ನಾನು ಮತ್ತೆ ಆ ಊರಿಗೆ ಮುಖ ತೋರಿಸುವ ಹಾಗಿಲ್ಲ. ಅಲ್ಲಿನ ಅಂಗನವಾಡಿಯ ಸಹಾಯಕಿ ಕೆಂಪಮ್ಮ ಎಂಬಾಕೆ ಒಂದು ಬೆಳಿಗ್ಗೆ ಶೌಚಾಲಯದೊಳಗೆ ತಲೆ ಸುತ್ತಿ ಬಿದ್ದುಬಿಟ್ಟಳು. ಟೀಚರು ಮೀಟಿಂಗಿಗೆ ಹೋಗಿದ್ದರು. ಮಕ್ಕಳ ಅಳು ಕೇಳಿ ಅಕ್ಕಪಕ್ಕದವರು ಓಡಿ ಬಂದು ಬಾಗಿಲು ನೂಕಿದರೆ ಅದು ಅಲ್ಲಾಡಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗೆ ಆಕೆಯ ದೇಹವೇ ಅದಕ್ಕೆ ಅಡ್ಡ ಬಿದ್ದಿತ್ತು. ಹೊರಗಿನವರು ನೂಕಿದಷ್ಟೂ ಆಕೆಯನ್ನೇ ನೂಕಿದಂತೆ. ಕೊನೆಗೆ ಹಾರೆ ತಂದು ಬಾಗಿಲನ್ನೇ ಸೀಳಿದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು, ಜೀವ ಉಳಿಯಿತು. ಹಳೆಯ ಕಟ್ಟಡ ಹೇಗೂ ಸೋರುತ್ತಿತ್ತು. ಆ ಊರಿಗೆ ಹೊಸ ಅಂಗನವಾಡಿ ಮಂಜೂರಾಯಿತು. ಜೊತೆಗೆ, ಇನ್ನು ಮುಂದೆ ಎಲ್ಲ ಕಡೆಯೂ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಇರುವ ನಕ್ಷೆಗಳನ್ನೆಲ್ಲ ತಿದ್ದಿ ಕೊಡಿ ಎಂದು ಮೇಲಿನಿಂದ ಹೇಳಿಕೆ ಬಂತು. ನಮ್ಮ ಕಚೇರಿಯಲ್ಲಿ ಅಂಥ ನಕ್ಷೆಗಳು ನೂರ ಅರವತ್ತಮೂರು. ಕೊಟ್ಟ ಗಡುವು ಒಂದು ವಾರ.

ಇಲ್ಲಿ ಬ್ಲಾಕ್ ಎಂಬ ಪದಾರ್ಥದ ಬಗ್ಗೆ ಒಂದು ಮಾತು ಹೇಳಲೇಬೇಕು. ನಕ್ಷೆಯಲ್ಲಿ ಬಾಗಿಲು, ಕಿಟಕಿ, ನಲ್ಲಿ, ಮರ ಇವನ್ನೆಲ್ಲ ಪ್ರತಿ ಸಲ ಹೊಸದಾಗಿ ಬರೆಯುತ್ತ ಕೂರುವುದಿಲ್ಲ. ಒಂದು ಸಲ ಬರೆದು, ಅದಕ್ಕೊಂದು ಹೆಸರಿಟ್ಟು, ಬೇಕಾದಲ್ಲೆಲ್ಲ ರಬ್ಬರ್ ಸ್ಟ್ಯಾಂಪಿನ ಹಾಗೆ ಒತ್ತುತ್ತ ಹೋಗುತ್ತೇವೆ. ಅದೇ ಬ್ಲಾಕು. ಆದರೆ ಈ ಸ್ಟ್ಯಾಂಪಿಗೆ ಒಂದು ಮಾಯೆ ಇದೆ. ಮೂಲದ ಅಚ್ಚನ್ನು ತಿದ್ದಿದರೆ ಮುಂದೆ ಒತ್ತುವುದು ಮಾತ್ರವಲ್ಲ, ಹಿಂದೆ ಒತ್ತಿದ ಮುದ್ರೆಗಳೂ ತಾವಾಗಿ ಬದಲಾಗುತ್ತವೆ. ಇದನ್ನು ನಾನು ಊಟದ ಹೊತ್ತಿನಲ್ಲಿ ಯಜಮಾನರಿಗೆ ವಿವರಿಸಿದೆ. ಅವರು ತುತ್ತು ನಿಲ್ಲಿಸಿ, "ಅಂದ್ರೆ, ಈಗ ನಾನು ನಿನ್ನ ಕಾಫಿ ಚೆನ್ನಾಗಿಲ್ಲ ಅಂದ್ರೆ ಮದುವೆ ಆದಾಗ್ನಿಂದ ಕುಡಿದ ಕಾಫಿಯೆಲ್ಲ ಚೆನ್ನಾಗಿರಲಿಲ್ಲ ಅಂತಾಗುತ್ತಾ?" ಎಂದು ಕೇಳಿದರು. ಉದಾಹರಣೆ ಸರಿಯಾಗಿಯೇ ಇತ್ತು. ಆದ್ದರಿಂದಲೇ ಎರಡು ದಿನ ನಾನು ಅವರಿಗೆ ಕಾಫಿ ಕೊಡಲಿಲ್ಲ.

ಒಂದು ನಕ್ಷೆಯೊಳಗೆ ಈ ಮಾಯೆ ತಾನಾಗಿ ನಡೆಯುತ್ತದೆ. ಆದರೆ ನೂರ ಅರವತ್ತಮೂರು ನಕ್ಷೆಗಳೆಂದರೆ ನೂರ ಅರವತ್ತಮೂರು ಬೇರೆ ಬೇರೆ ಫೈಲುಗಳು. ಒಂದೊಂದನ್ನೂ ತೆರೆದು ತಿದ್ದಬೇಕು. ನಾನು ಹಾಗೇ ಮಾಡಲು ಹೊರಟಿದ್ದೆ, ಸಂತೋಷವಾಗಿಯೇ. ಲೋಕೇಶ್ ಸರ್ ಬಿಡಲಿಲ್ಲ. "ರತ್ನಮ್ಮ, ಅದಕ್ಕೆಲ್ಲ ಸ್ಕ್ರಿಪ್ಟ್ ಬರೀತಾರೆ. ಒಂದ್ಸಲ ಬರೆದು ಬಿಟ್ರೆ ಅದೇ ಎಲ್ಲಾನೂ ಮಾಡ್ಕೊಂಡು ಹೋಗುತ್ತೆ, ನೀವು ಟೀ ಕುಡೀಬಹುದು" ಎಂದರು. ಅವರದ್ದು ಬಹಳ ಶಾಂತ ಸ್ವಭಾವ. ಶಾಂತ ಸ್ವಭಾವದವರು ಕೊಡುವಷ್ಟು ಗಾಬರಿಯನ್ನು ಕೂಗಾಡುವವರು ಕೊಡಲಾರರು.

ಸ್ಕ್ರಿಪ್ಟ್ ಎಂದರೆ ದೊಡ್ಡ ವಿದ್ಯೆಯಲ್ಲ. ನಾವು ಕೀಲಿಮಣೆಯಲ್ಲಿ ಒತ್ತುವುದನ್ನೆಲ್ಲ ಅದೇ ಕ್ರಮದಲ್ಲಿ ಬರೆದಿಟ್ಟ ಚೀಟಿ. ಈ ಫೈಲು ತೆರೆ. ಹಳೆಯ ಬಾಗಿಲಿನ ಅಚ್ಚಿನ ಜಾಗಕ್ಕೆ ಹೊಸದನ್ನು ತಾ. ಬದಲಾಯಿಸಲೇ ಎಂದು ಕೇಳಿದರೆ ಹೌದು ಎನ್ನು. ಎಲ್ಲಿಡಲಿ ಎಂದು ಕೇಳಿದರೆ ಸೊನ್ನೆ ಸೊನ್ನೆಯ ಮೂಲೆಯಲ್ಲಿ ಒಂದನ್ನು ಇಡು. ಅಷ್ಟಕ್ಕೇ ಅಚ್ಚು ಬದಲಾಗಿರುತ್ತದೆ, ಇಟ್ಟದ್ದನ್ನು ತಕ್ಷಣ ಅಳಿಸು. ಉಳಿಸು, ಮುಚ್ಚು, ಮುಂದಿನ ಫೈಲಿಗೆ ನಡೆ. ಒಂದು ವಿಡಿಯೊ ನೋಡಿ ಇಷ್ಟನ್ನು ಕಲಿತೆ. ಅದರಲ್ಲಿದ್ದ ಮನುಷ್ಯ ರೈಲು ಹಿಡಿಯುವವನಂತೆ ಮಾತಾಡುತ್ತಿದ್ದ. ಅವನು ಕೊನೆಯಲ್ಲಿ ಹೇಳಿದ ಒಂದು ಮಾತು ನನ್ನ ನೆಮ್ಮದಿ ಕೆಡಿಸಿತು: ಈ ಚೀಟಿಯಲ್ಲಿ ಖಾಲಿ ಜಾಗಕ್ಕೂ ಅರ್ಥವಿದೆ. ಪದಗಳ ನಡುವೆ ಬಿಟ್ಟ ಒಂದು ಸ್ಪೇಸು ಎಂಟರ್ ಒತ್ತಿದ್ದಕ್ಕೆ ಸಮ. ಸಾಲಿನ ಕೊನೆಯಲ್ಲಿ ಗೊತ್ತಿಲ್ಲದೆ ಒಂದು ಸ್ಪೇಸು ಉಳಿದರೆ ಯಂತ್ರ ಅದನ್ನೂ ಅಪ್ಪಣೆ ಎಂದುಕೊಳ್ಳುತ್ತದೆ. ಇದುವರೆಗೆ ನಾನು ಕಣ್ಣಿಗೆ ಕಾಣುವುದಕ್ಕೆ ಮಾತ್ರ ಹೆದರುತ್ತಿದ್ದೆ. ಈಗ ಕಾಣದ್ದಕ್ಕೂ ಹೆದರುವ ಕೆಲಸ ಬಂತು. ಪ್ರತಿ ಸಾಲಿನ ತುದಿಗೂ ಹೋಗಿ, ಅಲ್ಲಿ ಏನೂ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡೆ. ಏನೂ ಇಲ್ಲದ್ದನ್ನು ಹುಡುಕುತ್ತ ಒಂದು ಇಡೀ ಮಧ್ಯಾಹ್ನ ಕಳೆದವರು ಸನ್ಯಾಸಿಗಳನ್ನು ಬಿಟ್ಟರೆ ಬಹುಶಃ ನಾನೊಬ್ಬಳೇ.

ಅಷ್ಟಾದರೂ ಮೊದಲ ಸಲ ಓಡಿಸಿದಾಗ ಎರಡನೆಯ ಫೈಲಿಗೇ ನಿಂತಿತು. ಫೈಲಿನ ಹೆಸರಿನಲ್ಲಿ ಊರಿಗೂ ಅಂಗನವಾಡಿಗೂ ನಡುವೆ ನಾನೇ ಒಂದು ಸ್ಪೇಸು ಬಿಟ್ಟಿದ್ದೆ. ಹೆಸರುಗಳನ್ನೆಲ್ಲ ಉದ್ಧರಣ ಚಿಹ್ನೆಯೊಳಗೆ ಕೂರಿಸಿದೆ. ಶುರು ಮಾಡುವ ಮುನ್ನ ಎಲ್ಲ ನಕ್ಷೆಗಳ ನಕಲನ್ನು ಪೆನ್‌ಡ್ರೈವಿಗೆ ಹಾಕಿದೆ, ಇನ್ನೊಂದು ಫೋಲ್ಡರಿಗೆ ಹಾಕಿದೆ, ಸಾಲದೆಂದು ನನಗೆ ನಾನೇ ಮೇಲ್ ಮಾಡಿಕೊಂಡೆ. ಅಪ್ಪ ಬದುಕಿದ್ದರೆ ಹೆಮ್ಮೆ ಪಡುತ್ತಿದ್ದರು. ಆಮೇಲೆ ಸ್ಕ್ರಿಪ್ಟನ್ನು ಬಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪರದೆಯ ಮೇಲೆ ನಕ್ಷೆಗಳು ತಾವಾಗಿ ತೆರೆದವು, ಮಿಣುಕಿದವು, ಮುಚ್ಚಿಕೊಂಡವು. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲದ ಬಸ್ಸಿನಲ್ಲಿ ಕೂತ ಹಾಗಿತ್ತು. ಬಸ್ಸು ತಿರುವುಗಳಲ್ಲಿ ಸರಿಯಾಗಿ ತಿರುಗುತ್ತಿತ್ತು, ಅದೇ ಹೆಚ್ಚು ಭಯ. ಲೋಕೇಶ್ ಸರ್ ತರಿಸಿದ ಟೀ ಆರುವ ಮೊದಲೇ ನೂರ ಅರವತ್ತಮೂರೂ ಮುಗಿದವು. ಮೊದಲ ಆರು ನಕ್ಷೆಗಳನ್ನು ತೆರೆದು ನೋಡಿದೆ. ಬಾಗಿಲುಗಳೆಲ್ಲ ಮುದ್ದಾಗಿ ಹೊರಕ್ಕೆ ತೆರೆದುಕೊಂಡಿದ್ದವು. "ನೋಡಿದ್ರಾ? ಸುಮ್ಮನೆ ಹೆದರ್ತೀರಿ" ಎಂದರು ಸರ್. ಜೀವನದಲ್ಲಿ ಮೊದಲ ಬಾರಿಗೆ ನಾನು ಬೀಗವನ್ನು ನಾಲ್ಕನೆಯ ಸಲ ಜಗ್ಗದೆ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ತುರ್ತಿನ ನಾಲ್ಕು ಊರುಗಳ ನಕ್ಷೆಗಳನ್ನು ಪ್ರಿಂಟ್ ಮಾಡಿದೆವು. ಲೋಕೇಶ್ ಸರ್ ಸಹಿ ಹಾಕಿದರು. ಕಂಟ್ರಾಕ್ಟರು ಬಂದು ಸುರುಳಿ ಸುತ್ತಿ ಜೀಪಿನಲ್ಲಿ ಇಟ್ಟುಕೊಂಡು ಹೋದರು. ಅದರಲ್ಲಿ ಕೆಂಪಮ್ಮನ ಊರಿನ ಹೊಸ ಅಂಗನವಾಡಿಯೂ ಇತ್ತು. ಅಲ್ಲಿ ಅವತ್ತೇ ಪಾಯದ ಗುರುತು ಹಾಕುವವರಿದ್ದರು. ಎಲ್ಲ ಮುಗಿದ ಸಂತೋಷದಲ್ಲಿ ನಾನು ಕಳಲೆಯ ಒಂದು ಶಾಲೆಯ ನಕ್ಷೆ ತೆರೆದೆ. ತೆರೆದದ್ದು ಪರೀಕ್ಷಿಸಲು ಅಲ್ಲ, ನಮ್ಮೂರು ಎಂಬ ಅಭಿಮಾನಕ್ಕೆ. ಆ ಶಾಲೆಯ ಸುತ್ತ ನಾನು ಹಿಂದೆ ಸಾಲಾಗಿ ತೆಂಗಿನ ಮರಗಳನ್ನು ಬರೆದಿದ್ದೆ. ಈಗ ಅಲ್ಲಿ ಒಂದೂ ಮರವಿರಲಿಲ್ಲ. ಮರವಿದ್ದ ಜಾಗದಲ್ಲೆಲ್ಲ, ಗೋಡೆಯಿಲ್ಲದೆ, ಚೌಕಟ್ಟಿಲ್ಲದೆ, ಬಯಲಿನ ನಡುವೆ ಒಂದೊಂದು ಶೌಚಾಲಯದ ಬಾಗಿಲು ನಿಂತಿತ್ತು. ಎಲ್ಲವೂ ಹೊರಕ್ಕೇ ತೆರೆದಿದ್ದವು. ಆದರೆ ಬಯಲಿನಲ್ಲಿ ಹೊರಗೆ ಎಂದರೆ ಯಾವ ಕಡೆ?

ಕಾರಣ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶೌಚಾಲಯದ ಬಾಗಿಲಿನ ಬ್ಲಾಕಿಗೆ ನಾನಿಟ್ಟ ಹೆಸರು ಟಿ-ಒನ್, ಅಂದರೆ ಟಾಯ್ಲೆಟ್ ಒಂದು. ಆದರೆ ಅದಕ್ಕೂ ಹಿಂದೆ, ಕ್ಯಾಡ್ ಹೊಸದಾಗಿ ಕಲಿತ ದಿನಗಳಲ್ಲಿ ಬರೆದ ಕೆಲವು ನಕ್ಷೆಗಳಲ್ಲಿ ಟಿ-ಒನ್ ಎಂದರೆ ತೆಂಗು ಒಂದು. ಅವುಗಳಲ್ಲಿ ಶೌಚಾಲಯದ ಬಾಗಿಲಿಗೆ ಬೇರೆ ಏನೋ ಹೆಸರಿತ್ತು. ಸ್ಕ್ರಿಪ್ಟಿಗೆ ಹೆಸರು ಮುಖ್ಯ, ಹೆಸರಿನ ಹಿಂದಿನ ವಸ್ತುವಲ್ಲ. ಹಾಗಾಗಿ ಆ ನಕ್ಷೆಗಳಲ್ಲಿ ತೆಂಗಿನ ಮರಗಳು ಬಾಗಿಲಾದವು. ನಿಜವಾದ ಶೌಚಾಲಯದ ಬಾಗಿಲು ಮೊದಲಿನಂತೆ ಒಳಕ್ಕೇ ತೆರೆದುಕೊಂಡು ಉಳಿಯಿತು. ಮರ ಬಾಗಿಲಾದದ್ದಕ್ಕೆ ನಗಬಹುದು. ಎರಡನೆಯದು ನಗುವ ವಿಷಯವಲ್ಲ.

ಬೆಳಿಗ್ಗೆ ಕಳಿಸಿದ ನಾಲ್ಕು ನಕ್ಷೆಗಳನ್ನೂ ತೆರೆದೆ. ಮೂರು ಸರಿಯಾಗಿದ್ದವು. ನಾಲ್ಕನೆಯದು, ಬೇರೆ ಯಾವುದೂ ಅಲ್ಲ, ಕೆಂಪಮ್ಮನ ಊರಿನದು. ಯಾವುದೋ ಹಳೆಯ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು ಅದನ್ನು ತಯಾರಿಸಿದ್ದೆ. ಅಂಗಳದಲ್ಲಿ ಒಂಬತ್ತು ಬಾಗಿಲು. ಒಳಗೆ, ಆ ಹೆಂಗಸನ್ನು ಕೊಲ್ಲಬಹುದಾಗಿದ್ದ ಅದೇ ಬಾಗಿಲು, ಅದೇ ದಿಕ್ಕಿಗೆ.

ಕಂಟ್ರಾಕ್ಟರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಏಳು ಸಲ ಮಾಡಿದೆ, ಏಳು ಸಲವೂ ಆ ಹೆಣ್ಣುದನಿ ಒಂದಿಷ್ಟೂ ಬೇಸರಿಸಿಕೊಳ್ಳದೆ ಅದನ್ನೇ ಹೇಳಿತು. ಆ ಒಂದು ನಕ್ಷೆಯನ್ನು ಕೈಯಾರೆ ತಿದ್ದಿ, ಹೊಸ ಪ್ರಿಂಟ್ ತೆಗೆದು ಸುರುಳಿ ಸುತ್ತಿದೆ. ಲೋಕೇಶ್ ಸರ್ ಇನ್ಯಾರದೋ ಜೊತೆ ಮಾತಾಡುತ್ತಿದ್ದರು. ಬಾಗಿಲಲ್ಲಿ ನಿಂತು, "ಸರ್, ಸೈಟಿಗೆ ಹೋಗಿ ಬರ್ತೀನಿ" ಎಂದೆ. ಅವರು ಮಾತು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟು ವರ್ಷಗಳ ಕೆಲಸದಲ್ಲಿ ನಾನು ಸೈಟಿಗೆ ಹೋಗುತ್ತೇನೆ ಎಂದು ಹೇಳಿದ್ದು ಅದೇ ಮೊದಲು. "ಹುಷಾರಾಗಿದೀರಾ?" ಎಂದರು. ಇಲ್ಲ ಎಂದು ಹೇಳಿ ಮೆಟ್ಟಿಲಿಳಿದೆ. ವಿಷಯ ಹೇಳಲು ಧೈರ್ಯ ಬರಲಿಲ್ಲ. ಮೊದಲು ಬಾಗಿಲು, ಆಮೇಲೆ ಮರ್ಯಾದೆ ಎಂದುಕೊಂಡೆ.

ತಿ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡೆ. ಕಾರ್ಡನ್ನು ಪರ್ಸಿನಲ್ಲಿಟ್ಟೆ, ಇಟ್ಟಿದ್ದೇನೆಯೇ ಎಂದು ಮತ್ತೆ ತೆರೆದು ನೋಡಿದೆ. ನನ್ನ ಅಪ್ಪುಗೆಯಲ್ಲಿದ್ದ ಕಾಗದದ ಸುರುಳಿಯನ್ನೇ ನೋಡುತ್ತಿದ್ದ ಪಕ್ಕದ ಅಜ್ಜಿ, "ಕ್ಯಾಲೆಂಡ್ರಾ ಅವ್ವ?" ಎಂದಳು. ಅಲ್ಲ, ಅಂಗನವಾಡಿ ಎಂದೆ. ಅಜ್ಜಿ ಸ್ವಲ್ಪ ಅತ್ತ ಸರಿದು ಕೂತಳು. ದಾರಿಯುದ್ದಕ್ಕೂ ಕಂಡ ತೆಂಗಿನ ಮರಗಳನ್ನೆಲ್ಲ ನಾನು ಹಗೆಯಂತೆ ನೋಡಿದೆ. ಬಸ್ಸು ಊರೂರಿಗೂ ನಿಂತಿತು. ಒಂದು ಕಡೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತು, ಇಬ್ಬರು ಡ್ರೈವರುಗಳು ಯಾರು ಹಿಂದೆ ಹೋಗಬೇಕೆಂದು ವಿಚಾರ ವಿನಿಮಯ ಮಾಡಿದರು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಮೇಸ್ತ್ರಿ ಗುದ್ದಲಿ ಎತ್ತುತ್ತಿದ್ದ. ಗೋಡೆ ಏಳುತ್ತಿತ್ತು, ಬಾಗಿಲು ಕೂರುತ್ತಿತ್ತು, ಮತ್ತೆ ಯಾರೋ ಒಳಗೆ ಬೀಳುತ್ತಿದ್ದರು. ಪಾಯದ ದಿನ ಬಾಗಿಲು ಕೂರಿಸುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ನನಗೂ ಇದೆ. ಆದರೆ ಗಾಬರಿಯಾದವಳ ತಲೆಯಲ್ಲಿ ಸಿಮೆಂಟು ಬಹಳ ಬೇಗ ಗಟ್ಟಿಯಾಗುತ್ತದೆ.

ನರಸೀಪುರದಲ್ಲಿ ಇಳಿದು ಆಟೊ ಹಿಡಿದು ಊರು ಸೇರುವಾಗ ಬಿಸಿಲು ಏರಿತ್ತು. ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳ ಗುರುತು ಎಳೆದಿದ್ದರು. ಅದರಾಚೆ ಖಾಲಿ ಜಾಗದಲ್ಲಿ ಎರಡೆರಡು ಗೂಟಗಳ ಜೋಡಿ, ಒಟ್ಟು ಒಂಬತ್ತು ಜೋಡಿ, ನೆಟ್ಟಗೆ ನಿಂತಿದ್ದವು. ಪಕ್ಕದ ಸಮುದಾಯ ಭವನದಲ್ಲಿ ನಡೆಯುತ್ತಿದ್ದ ಅಂಗನವಾಡಿಯ ಮಕ್ಕಳು ಆ ಗೂಟಗಳ ನಡುವೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರುತ್ತ ಕೇಕೆ ಹಾಕುತ್ತಿದ್ದವು. ಮೇಸ್ತ್ರಿ ಚಿಕ್ಕಸಿದ್ದಯ್ಯ ಬೀಡಿ ಆರಿಸಿ ಎದ್ದು ನಿಂತ. ನಾನು ಯಾರೆಂದು ಹೇಳಿದೆ.

"ಓ, ಪ್ಲಾನ್ ಬರ್ಯೋ ಮೇಡಮ್ಮೋರಾ! ಒಳ್ಳೆದಾಯ್ತು ಬಂದ್ರಿ. ನಂಗೊಂದ್ ಅನ್ಮಾನ. ಇಲ್ಲಿ ಒಂಬತ್ ಬಾಗ್ಲು ಬಯಲಲ್ಲಿ ನಿಂತವಲ್ಲ, ಅವ್ಕೆ ಗ್ವಾಡೆ ಯಾವ್ದು?"

"ಗೋಡೆ ಇಲ್ಲಪ್ಪ."

"ಅದೇ ಅಂದ್ಕಂಡೆ. ಒಂಬತ್ ಬಾಗ್ಲು ಅಂದ್ರೆ ನಮ್ ಬಜನೇಲಿ ಈ ಸರೀರುಕ್ಕೆ ಯೋಳ್ತೀವಿ ಕಣ್ ಮೇಡಮ್ಮೋರೇ. ಸರ್ಕಾರ ಮಕ್ಳುಗೆ ಇಷ್ಟ್ ಬ್ಯಾಗ್ನೆ ತತ್ವ ಕಲಿಸ್ತದಾ ಅಂತ ಯೋಚ್ನೆ ಮಾಡ್ತಿದ್ದೆ. ಏನಾರಾ ಆಗ್ಲಿ ಅಂತ ಗೂಟ ಒಡ್ದೆ. ಡ್ರಾಯಿಂಗ್‌ನಲ್ಲಿ ಇದ್ದಂಗೆ ಮಾಡೋನು ನಾನು."

ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಮಾಡುವವನು! "ಶೌಚಾಲಯದ ಬಾಗಿಲು? ಅದನ್ನು ಹೇಗೆ ಗುರುತು ಹಾಕಿದ್ದೀರಿ?" ಎಂದೆ.

"ಅದೊಂದು ಡ್ರಾಯಿಂಗ್‌ನಲ್ಲಿ ಇದ್ದಂಗೆ ಮಾಡ್ನಿಲ್ಲ ಕಣ್ ಮೇಡಮ್ಮೋರೇ, ತೆಪ್ಪ್ ತಿಳ್ಕಬ್ಯಾಡಿ. ಕೆಂಪಮ್ಮ ಬುಡ್ನಿಲ್ಲ."

ಸುಣ್ಣದ ಗೆರೆಗಳ ಒಂದು ಮೂಲೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು. ಆಕೆಯ ಕಾಲ ಬಳಿ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ತೋರಿಸುವ ದಪ್ಪನೆಯ ಒಂದು ಬಿಲ್ಲುಗೆರೆ, ಬೇರೆಲ್ಲ ಗೆರೆಗಳಿಗಿಂತ ಬೆಳ್ಳಗೆ. ಹೊರಕ್ಕೆ.

"ನಾನೇ ಎಳ್ದಿವ್ನಿ ಕಣವ್ವ. ಮೇಸ್ತ್ರಿ ಪೇಪರ್ನಲ್ಲಿ ಒಳಿಕ್ಕೆ ಅದೆ ಅಂದ. ಪೇಪರ್ಗೇನ್ ಗೊತ್ತು, ಬಿದ್ದಿದ್ದೋಳು ನಾನು ಅಂದೆ. ಸುಣ್ಣ ಕಿತ್ಕಂಡು ನಾನೇ ಬುಟ್ಟೆ."

ನನ್ನ ಕೈಯಲ್ಲಿದ್ದ ಸರಿಯಾದ ಪ್ರಿಂಟನ್ನು ಬಿಡಿಸಿ ತೋರಿಸಿದೆ. ನಾನು ಇಪ್ಪತ್ತೆಂಟು ಕಿಲೋಮೀಟರೋ ಮೂವತ್ತೋ ಹೊತ್ತು ತಂದ ಗೆರೆ, ಆಕೆ ಕೈಯಾರೆ ಎಳೆದ ಗೆರೆ, ಎರಡೂ ಒಂದೇ ಕಡೆಗಿದ್ದವು. ಇಟ್ಟಿಗೆ ರಾಶಿಯ ಮೇಲೆ ಕೂತೆ. ಕೆಂಪಮ್ಮ ಸಮುದಾಯ ಭವನದೊಳಗಿನಿಂದ ಒಂದು ಲೋಟ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ಆ ದಿನದ ಬಗ್ಗೆ ನಾನು ಕೇಳಲಿಲ್ಲ, ಆಕೆಯೇ ಹೇಳಿದಳು. "ಮಕ್ಳು ಅಳ್ತಾ ಇದ್ದುದ್ದು ಕೇಳುಸ್ತಿತ್ತು ಕಣವ್ವ. ಕೂಗಾಕೆ ಬಾಯೇ ಬರ್ನಿಲ್ಲ. ಆಚಿಂದ ನೂಕೋರು, ಅದು ಬಂದು ನನ್ ಪಕ್ಕೆಗೇ ಒಡ್ಯೋದು. ನನ್ ಬಾಗ್ಲುಗೆ ನಾನೇ ಚಿಲ್ಕ ಆಗ್ಬುಟ್ಟಿದ್ದೆ." ಆಮೇಲೆ ಕೇಳಿದಳು: "ಆ ಹಳೇದು, ಅದ್ರ ಪಿಲಾನ್ ಯಾರ್ ಬರ್ದಿದ್ದವ್ವ?"

ಉತ್ತರ ನನಗೆ ಗೊತ್ತಿತ್ತು. ಸುದ್ದಿ ಬಂದ ದಿನವೇ ಗೊತ್ತಿತ್ತು. ಹಳೆಯ ಅಂಗನವಾಡಿಯೂ ನಮ್ಮ ಕಚೇರಿಯದೇ, ಬಾಗಿಲೂ ನನ್ನದೇ. ಎಂದೋ ಒಂದು ಮಧ್ಯಾಹ್ನ, ಒಂದು ನಿಮಿಷವೂ ಯೋಚಿಸದೆ ಒಳಕ್ಕೆ ತಿರುಗಿಸಿ ಬರೆದ ಒಂದು ಬಾಗಿಲು. ಆಮೇಲೆ ಅದನ್ನೇ ಊರೂರಿಗೆ ಒತ್ತುತ್ತ ಹೋದದ್ದು. ಸ್ಪೇಸು, ಎಂಟರು, ನಕಲು ಎಂದೆಲ್ಲ ನಾನು ಹೆದರುತ್ತ ಓಡಾಡಿದ್ದು, ಹೆದರಬೇಕಾದ ಈ ಒಂದು ಸಂಗತಿಯ ಕಡೆ ತಿರುಗಿ ನೋಡದಿರುವುದಕ್ಕೇ ಇರಬೇಕು. ಗೊತ್ತಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನಾನೇ ಕೆಂಪಮ್ಮ" ಎಂದೆ.

ಆಕೆ ಬೈಯಲಿಲ್ಲ. ನನ್ನ ಮುಖವನ್ನೂ, ಕೈಯನ್ನೂ ಒಮ್ಮೆ ನೋಡಿದಳು. "ನೀನೂ ಎಂಗ್ಸು. ಬರ್ಯೋಕ್ ಮುಂಚೆ ಅಷ್ಟಗಲ ಜಾಗದಲ್ಲಿ ಒಂದ್ ಗಳ್ಗೆ ಕುಕ್ಕುರ್ಗಾಲಲ್ಲಿ ಕೂತು ನೋಡಿದ್ರೆ ಗೊತ್ತಾಗೋದು ಕಣವ್ವ" ಎಂದಳು. ಅಷ್ಟೇ. ಎದ್ದು ಹೋಗಿ, ಮಕ್ಕಳನ್ನು ಊಟಕ್ಕೆ ಕರೆದಳು. ಅವು ಒಂಬತ್ತು ಬಾಗಿಲುಗಳಿಂದಲೂ ಹೊರಬಂದು ಓಡಿದವು. ಗೂಟ ಕೀಳಲೇ ಎಂದು ಚಿಕ್ಕಸಿದ್ದಯ್ಯ ಕೇಳಿದ. ಮರ ನೆಡುವವರೆಗೆ ಇರಲಿ ಎಂದೆ.

ಕಚೇರಿಗೆ ಮರಳಿ ಲೋಕೇಶ್ ಸರ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ತೆಂಗು, ಟಾಯ್ಲೆಟ್ಟು, ಹಳೆಯ ಬಾಗಿಲು, ಎಲ್ಲ. ಅವರು ಎಂದಿನಂತೆ ಶಾಂತವಾಗಿ ಕೇಳಿಸಿಕೊಂಡರು. "ಸಹಿ ಮಾಡುವಾಗ ಆ ಒಂಬತ್ತನ್ನೂ ನೋಡಿದ್ದೆ ರತ್ನಮ್ಮ. ಮರಕ್ಕೆ ಹೊಸ ಥರ ಗುರುತು ಹಾಕಿದ್ದೀರಿ ಅಂದ್ಕೊಂಡೆ" ಎಂದರು. ಆಮೇಲೆ, "ಆ ಹಳೇ ಪ್ಲಾನಿಗೂ ಸಹಿ ನಂದೇ" ಎಂದರು. ಅವತ್ತು ಮೊದಲ ಬಾರಿಗೆ ಅವರ ಟೀ ಕುಡಿಯದೆಯೇ ಆರಿತು. ಮುಂದಿನ ನಾಲ್ಕು ದಿನ ನಾನು ನೂರ ಅರವತ್ತಮೂರು ನಕ್ಷೆಗಳನ್ನೂ ಒಂದೊಂದಾಗಿ ತೆರೆದೆ. ಹನ್ನೊಂದರಲ್ಲಿ ತೆಂಗಿನ ತೋಪು ಬಾಗಿಲುಗಳಾಗಿತ್ತು, ತಿದ್ದಿದೆ. ಆದರೆ ಉಳಿದವನ್ನೂ ನೋಡಿದೆ. ಎರಡು ಕಡೆ ಹೊರಕ್ಕೆ ತೆರೆದ ಹೊಸ ಬಾಗಿಲು ಕೈ ತೊಳೆಯುವ ನಲ್ಲಿಯ ಮುಂದೆಯೇ ಬರುತ್ತಿತ್ತು. ಸಾಲಾಗಿ ನಿಂತ ಮಕ್ಕಳ ಹಣೆಗೆ ಬಡಿಯುವ ಹಾಗೆ. ಅಲ್ಲಿ ನಲ್ಲಿಯನ್ನು ಸರಿಸಿದೆ. ಸ್ಕ್ರಿಪ್ಟು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಲ್ಲಿಯ ಮುಂದೆ ಮಗು ನಿಲ್ಲುತ್ತದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಈಗ ಯಾವ ಚಿಕ್ಕ ಕೋಣೆ ಬರೆದರೂ ಮೊದಲು ಅಷ್ಟಗಲ ಜಾಗ ಮಾಡಿಕೊಂಡು ಕೂತು ನೋಡುತ್ತೇನೆ. ಕಚೇರಿಯ ಒಂದು ಮೂಲೆಯಲ್ಲಿ ಗೋಡೆಗೆ ಎದುರಾಗಿ ಬೀರು, ಈ ಪಕ್ಕಕ್ಕೆ ಮೇಜು, ಬಾಗಿಲಿರಬೇಕಾದ ಕಡೆ ಒಂದು ಕುರ್ಚಿ. ಹೋದ ತಿಂಗಳು ಹಾಗೆ ಕುಕ್ಕುರುಗಾಲಲ್ಲಿ ಕೂತು ಅಳತೆ ನೋಡುತ್ತಿದ್ದಾಗ ಇಲಾಖೆಯ ಇಬ್ಬರು ಅಧಿಕಾರಿಗಳು ನಕ್ಷೆ ಪರಿಶೀಲಿಸಲು ಬಂದುಬಿಟ್ಟರು. ಗೌರವಕ್ಕೆ ಏಳೋಣವೆಂದರೆ ಮಂಡಿ ಹಿಡಿದುಕೊಂಡಿತು. ಕೈ ಗಾಳಿಯಲ್ಲಿ ಏನನ್ನೋ ತಡಕಾಡಿತು, ಹಿಡಿಯಲು ಏನೂ ಸಿಗಲಿಲ್ಲ. ಕೂತಲ್ಲಿಂದಲೇ ಇಬ್ಬರಿಗೂ ನಮಸ್ಕಾರ ಮಾಡಿದೆ. "ಏನ್ ಮಾಡ್ತಿದಾರೆ ಇವರು?" ಎಂದು ಒಬ್ಬರು ಕೇಳಿದರು. "ಅಳತೆ ತಗೋತಿದಾರೆ ಸರ್" ಎಂದು ಹೇಳುತ್ತ ಲೋಕೇಶ್ ಸರ್ ಕುರ್ಚಿಯನ್ನು ಹೊರಕ್ಕೆ ಎಳೆದು, ಕೈಕೊಟ್ಟು ನನ್ನನ್ನು ಎಬ್ಬಿಸಿದರು. ಅಧಿಕಾರಿಗಳು ಹೋದ ಮೇಲೆ ನಾನು ನಕ್ಷೆಯಲ್ಲಿ ಗೋಡೆಗೊಂದು ಹಿಡಿಕಂಬಿ ಸೇರಿಸಿದೆ. ನನ್ನ ಕೈ ತಡಕಾಡಿದ ಎತ್ತರಕ್ಕೆ ಸರಿಯಾಗಿ. ಲೋಕೇಶ್ ಸರ್ ನೋಡಿ, ಈ ಅಳತೆಗೆ ಆಧಾರ ಯಾವ ಪುಸ್ತಕ ಎಂದು ಕೇಳಿದರು.

"ನನ್ನ ಮಂಡಿ ಸರ್" ಎಂದೆ.